ಮಾವನ ದೋಣಿಯಲ್ಲಿ ಬಿಟ್ಟುಹೋದ ಸಂದು

ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೊಳ್ಳುತ್ತಿದ್ದ ಕಾಲ ಅದು. ತೇವ ಅಳೆಯುವ ಯಂತ್ರ ಎಂಬುದೊಂದು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಮ್ಮ ಕಡೆಯವರು ನಕ್ಕುಬಿಡುತ್ತಿದ್ದರು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿದ ಕಾಯಿ ಒಳಗಿನ ನೀರನ್ನೆಲ್ಲ ತಾನೇ ಕುಡಿದುಕೊಂಡು, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಗಡಗಡ ಎಂದಿತೋ, ಕೊಬ್ಬರಿ ಆಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಣಗಿದ್ದು ಉಳಿಯುತ್ತದೆ, ಹಸಿ ಕೆಡುತ್ತದೆ. ನಮ್ಮ ಬುದ್ಧಿಯೆಲ್ಲ ಇದರ ಮೇಲೆಯೇ ನಿಂತಿತ್ತು.

ನಾನೀಗ ಬಿಳಿಗೆರೆ ಹತ್ತಿರ ತೆಂಗಿನ ನಾರಿನ ಮಿಲ್ಲು ನಡೆಸುತ್ತೇನೆ. ಗಂಡಸರೇ ತುಂಬಿದ್ದ ವ್ಯಾಪಾರಕ್ಕೆ ಒಬ್ಬಳೇ ಇಳಿದು, ಚೌಕಾಸಿಯಲ್ಲಿ ಅವರ ಬೆವರಿಳಿಸಿ ಮೇಲೆ ಬಂದವಳು. ಸಾಲ ಹೇಗೆ ಕೇಳಬೇಕು, ಯಾವ ಲಾರಿಯವನನ್ನು ನಂಬಬೇಕು, ಮಗಳ ಮದುವೆಗೆ ಛತ್ರ ಎಲ್ಲಿ ಹಿಡಿಯಬೇಕು ಎಂದು ಕೇಳಿಕೊಂಡು ಜನ ಬರುತ್ತಾರೆ. ಕೇಳದಿದ್ದವರಿಗೂ ನಾನು ಹೇಳುತ್ತೇನೆ. ಅದು ನನ್ನ ಚಾಳಿ. ಆದರೆ ಹನ್ನೊಂದನೆಯ ವಯಸ್ಸಿನ ಒಂದು ಬೇಸಿಗೆಯಲ್ಲಿ, ಒಬ್ಬರಿಗೆ ಒಂದೇ ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಮ್ಮನ ತವರು ಕಂದಿಕೆರೆಯಿಂದ ಸ್ವಲ್ಪ ಒಳಗೆ, ತೋಟದ ನಡುವಿನ ಮನೆ. ಪರೀಕ್ಷೆ ಮುಗಿದ ಮಾರನೆಯ ದಿನವೇ ಅಪ್ಪ ನನ್ನನ್ನು ಅಲ್ಲಿಗೆ ಬಿಟ್ಟು ಬರುತ್ತಿದ್ದರು. ಅಲ್ಲಿ ಅಜ್ಜಿ ಇದ್ದಳು, ಅಮ್ಮನ ಕಿರಿಯ ತಮ್ಮ ಬಸಣ್ಣ ಮಾವ ಇದ್ದ. ಬೆಳಗ್ಗೆ ಕೊಬ್ಬರಿ ಬೆಲ್ಲ, ಮಧ್ಯಾಹ್ನ ಮುದ್ದೆ ಉಪ್ಸಾರು, ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ಕುಂಟೆಬಿಲ್ಲೆ. ಮನೆಯೊಳಗೆ ಕಾಲಿಟ್ಟರೆ ಅಟ್ಟದಿಂದ ಇಳಿಯುವ ಎಣ್ಣೆಯ ಕಮಟು, ಹೊಗೆಯ ವಾಸನೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಶಾಲೆ ಶುರುವಾದ ಮೇಲೂ ಒಂದು ವಾರ ಹೋಗುತ್ತಿರಲಿಲ್ಲ.

ಮಾವನಿಗೆ ಆಗ ಇಪ್ಪತ್ತೈದು ಇರಬಹುದು. ಕೊಬ್ಬರಿ ಲಾರಿಯ ಜೊತೆ ಮಂಗಳೂರಿನ ಕಡೆ ಹೋಗಿ ಬರುತ್ತಿದ್ದ. ಅಲ್ಲಿ ಹಾಯಿದೋಣಿ ನೋಡಿಕೊಂಡು ಬಂದವನಿಗೆ ತಲೆ ನಿಂತಿರಲಿಲ್ಲ.

"ನಮ್ ಜನ ಗಾಳಿ ಬಂದ್ರೆ ಎಷ್ಟು ಕಾಯಿ ಉದ್ರುತ್ತೆ ಅಂತ ನೋಡ್ತಾರೆ ಕಣೇ ಗಿರ್ಜಿ. ಅಲ್ಲಿ ಗಾಳೀಲಿ ಕೂತ್ಕೊಂಡು ಊರಿಗೆ ಹೋಗ್ತಾರೆ" ಎಂದು ನನಗೆ ಹೇಳುತ್ತಿದ್ದ.

ಬೋರನಕಣಿವೆ ಜಲಾಶಯದಲ್ಲಿ ಹಾಯಿದೋಣಿ ಬಿಡಬೇಕು, ಭಾನುವಾರಗಳಲ್ಲಿ ಹುಳಿಯಾರಿನಿಂದ ಬರುವ ಜನರನ್ನು ಕೂರಿಸಿಕೊಂಡು ಸುತ್ತಿಸಬೇಕು, ದೊಡ್ಡ ಮಾವನ ಕೊಬ್ಬರಿ ಮಂಡಿಯ ದೂಳಿನಲ್ಲಿ ಕೂತು ಜೀವನ ಸವೆಸುವುದಿಲ್ಲ ಎಂಬುದು ಅವನ ಹಟ. ಅಜ್ಜಿ ಒಂದು ಬೇಸಿಗೆಯ ಗಡುವು ಕೊಟ್ಟಿದ್ದಳು. "ಈ ಬ್ಯಾಸಗೆ ಒಳಗೆ ಅದನ್ನ ನೀರ ಮ್ಯಾಲೆ ನಡುಸ್ದೆ ಸರಿ. ಇಲ್ದಿದ್ರೆ ಬಾಯ್ಮುಚ್ಕಂಡು ನಿಮ್ಮಣ್ಣನ ಮಂಡೀಲಿ ಕುತ್ಕಾ."

ದೋಣಿ ಸಿಕ್ಕಿದ್ದು ಹಾಸನದ ಆಚೆಯ ಒಂದು ಎಸ್ಟೇಟಿನಲ್ಲಿ. ಅಲ್ಲಿನ ದೊಡ್ಡ ಯಜಮಾನರು ಶೋಕಿಗೆ ಇಟ್ಟುಕೊಂಡಿದ್ದದ್ದು, ಅವರು ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ಬೋರಲಾಗಿ ಬಿದ್ದು ಕೋಳಿಗೂಡಾಗಿತ್ತು. ನಾನೂ ಲಾರಿಯಲ್ಲಿ ಹೋಗಿದ್ದೆ. ಎಸ್ಟೇಟಿನ ಮೇಸ್ತ್ರಿ ಎರಡು ಮೂಟೆ ಕೊಬ್ಬರಿಗೆ ಕಡಿಮೆ ಆಗುವುದಿಲ್ಲ ಎಂದು ನಿಂತಿದ್ದ. ನಾನು ಕೋಳಿಗಳನ್ನು ಓಡಿಸಿ ಅದರೊಳಗೆ ನುಸುಳಿ, ಅಲ್ಲಿಂದಲೇ ಕೂಗಿದೆ: "ಮಾವ, ಒಳಗಿಂದ ಸೂರೆಲ್ಲ ಕಾಣುತ್ತೆ! ಇದು ದೋಣಿ ಅಲ್ಲ, ಜರಡಿ!" ಒಂದು ಮೂಟೆಗೆ ಕೆಲಸ ಮುಗಿಯಿತು. ನನ್ನ ಮೊದಲ ವ್ಯಾಪಾರ ಅದು. ಕೊಳ್ಳುವವರು ಮಾತಾಡಬಾರದು, ಜೊತೆಗೆ ಬಂದವರು ಮಾತಾಡಬೇಕು. ಇದನ್ನು ಇವತ್ತಿಗೂ ನನ್ನ ಹುಡುಗರಿಗೆ ಹೇಳಿಕೊಡುತ್ತೇನೆ.

ಮನೆಗೆ ತಂದ ಮೇಲೆ ಮಾವ ಮಾಡಿದ ಮೊದಲ ಕೆಲಸ, ನಮ್ಮ ಸೀಮೆಯ ಯಾರೇ ಆಗಿದ್ದರೂ ಮಾಡುತ್ತಿದ್ದದ್ದು. ಅದನ್ನು ಒಣಗಿಸಿದ. ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ಬೋರಲು ಹಾಕಿ, ಹಗಲೆಲ್ಲ ಬಿಸಿಲು ಕುಡಿಸಿ, ಸಂಜೆ ಅಡಿಯಲ್ಲಿ ತೆಂಗಿನ ಮಟ್ಟೆ ಉರಿಸಿ ಹೊಗೆ ಹಾಕಿದ. ದಿನಾ ಬೆಳಗ್ಗೆ ಬೆರಳ ಗೆಣ್ಣಿನಿಂದ ಹಲಗೆ ಬಡಿದು, ಕಿವಿ ಇಟ್ಟು ಕೇಳುತ್ತಿದ್ದ. ಹದಿನೈದು ದಿನಕ್ಕೆ ಅದು ಟಣ್ ಟಣ್ ಎನ್ನತೊಡಗಿತು.

"ಕೇಳ್ದಾ? ಒಂದ್ ತೊಟ್ಟು ನೀರಿಲ್ಲ ಒಳಗೆ. ಇನ್ನು ನೂರು ವರ್ಷ ಕೆಡಕ್ಕಿಲ್ಲ ಕಣೇ."

ನನಗೂ ಹಾಗೆಯೇ ಅನ್ನಿಸಿತು. ಅಜ್ಜಿಗೂ ಅನ್ನಿಸಿತು. ಕೊಬ್ಬರಿ ಬಲ್ಲ ಮೂರು ಜನ ಸೇರಿ ಒಂದು ದೋಣಿಯನ್ನು ಕೊಬ್ಬರಿ ಮಾಡಿದ್ದೆವು.

ಆಮೇಲೆ ತೂತು ಹುಡುಕುವ ಕೆಲಸ. ಅದಕ್ಕೆ ನಾನೇ ಬೇಕಿತ್ತು, ಬೋರಲು ಹಾಕಿದ ದೋಣಿಯ ಕೆಳಗೆ ನುಸುಳುವಷ್ಟು ಚಿಕ್ಕವರು ಬೇರೆ ಯಾರೂ ಇರಲಿಲ್ಲ. ಒಳಗೆ ಹೋಗುವ ಮೊದಲು ಕರಾರು ಮಾಡಿಕೊಂಡೆ.

"ನಾನು ಎಲ್ಲ ತೂತು ಹುಡುಕಿಕೊಟ್ಟರೆ ಮೊದಲ ಸವಾರಿ ನಂದು. ಅಪ್ಪ ಕರ್ಕೊಂಡು ಹೋಗಕ್ಕೆ ಬರೋದ್ರೊಳಗೆ."

"ಆಗ್ಲಿ ನಮ್ಮವ್ವ."

"ಹಂಗಲ್ಲ. ಕೈ ಮೇಲೆ ಕೈ ಹಾಕು."

"ನೀನು ಮುಂದೆ ಮಂಡಿ ಇಡೋಳೇ ಬುಡು" ಎಂದು ನಗುತ್ತ ಕೈ ಹಾಕಿದ.

ನಡುಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ ಇರುವಾಗ ಒಳಗೆ ಅಂಗಾತ ಮಲಗುತ್ತಿದ್ದೆ. ಸುತ್ತಲೂ ಗೋಣಿಚೀಲ ಮುಚ್ಚಿದರೆ ಕಗ್ಗತ್ತಲು. ಆ ಕತ್ತಲಲ್ಲಿ ಹಲಗೆ ಹಲಗೆಯ ನಡುವೆ ಬೆಳಕಿನ ಗೆರೆಗಳು, ಮೊಳೆಯ ಪಕ್ಕದಲ್ಲಿ ಬೆಳಕಿನ ಚುಕ್ಕಿಗಳು. ಹೊಗೆ, ಕೋಳಿ ಪುಕ್ಕ, ಹಳೇ ಮರದ ವಾಸನೆ. ಬೆಳಕು ಕಂಡಲ್ಲೆಲ್ಲ ಒಂದು ಪೊರಕೆಕಡ್ಡಿ ತೂರಿಸುವುದು, ಹೊರಗೆ ಕಡ್ಡಿ ತಲೆ ಎತ್ತಿದ ಜಾಗಕ್ಕೆ ಮಾವ ಸುಣ್ಣದ ಬೊಟ್ಟು ಇಡುವುದು.

"ಬಂತಾ ಮಾವ?"

"ಬಂತು ಬಂತು. ಇನ್ನೊಂದು?"

"ಇಲ್ಲೊಂದು, ನಡುವಿನ ಬೆನ್ನುಮರದ ಹತ್ರ."

"ಅಬ್ಬಾ, ನನ್ ಕಣ್ಣಿಗೆ ಇದು ಜನ್ಮದಲ್ಲಿ ಬೀಳ್ತಿರ್ಲಿಲ್ಲ."

ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ಮುಳ್ಳುಹಂದಿ ಮಲಗಿದಂತೆ ಇತ್ತು. ಅಜ್ಜಿ ಪೊರಕೆ ಹುಡುಕಿಕೊಂಡು ಬಂದವಳು, "ನನ್ ಮನೆ ಪೊರಕೇನೆಲ್ಲ ಈ ಹೆಣಕ್ಕೆ ಚುಚ್ಚಿದ್ದೀರಲ್ಲ, ಮೂದೇವಿಗಳಾ!" ಎಂದು ಬೈದು, ಬೈಯುತ್ತಲೇ ಜಗಲಿಯಲ್ಲಿ ಕೂತು ತೊಡೆಯ ಮೇಲೆ ನಾರು ಹೊಸೆದು ಕೊಟ್ಟಳು.

ಆ ನಾರನ್ನು ಎಣ್ಣೆಯಲ್ಲಿ ನೆನೆಸಿ, ಸಂದಿನಲ್ಲಿ ಇಟ್ಟು, ಮೊಂಡು ಉಳಿಯಿಂದ ಒಳಗೆ ಹೊಡೆಯಬೇಕು. ಮೇಲೆ ರಾಳ ಕಾಯಿಸಿ ಸುರಿಯಬೇಕು. ಮಾವ ಮರದ ಕೊಡತಿ ಬೀಸುತ್ತಿದ್ದರೆ ಲಯ ತಪ್ಪುತ್ತಿರಲಿಲ್ಲ. ಮರಗೆಲಸ ಯಾರ ಹತ್ತಿರವೂ ಕಲಿತವನಲ್ಲ, ಕೈಗೇ ಗೊತ್ತಿತ್ತು. ಕಿರುಸಂದುಗಳನ್ನು ನನಗೆ ಬಿಟ್ಟಿದ್ದ. ನಾನು ಒಂದು ಎಳೆ ಹಿಡಿಸುವ ಕಡೆ ಎರಡು ಎಳೆ ಹೊಡೆದೆ, ಎರಡರ ಕಡೆ ಮೂರು. ಬಿಗಿಯಾದಷ್ಟೂ ಒಳ್ಳೆಯದು ಎಂದುಕೊಂಡು ಹಲ್ಲು ಕಚ್ಚಿ ತುಂಬಿದೆ. ಎಂಟು ದಿನವಾದ ಮೇಲೆ ಮತ್ತೆ ಒಳಗೆ ಮಲಗಿ ಕಣ್ಣರಳಿಸಿ ನೋಡಿದೆ. ಒಂದು ಚುಕ್ಕಿ ಬೆಳಕೂ ಇರಲಿಲ್ಲ. ಕಣ್ಣು ಬಿಟ್ಟಿದ್ದೇನೋ ಮುಚ್ಚಿದ್ದೇನೋ ನನಗೇ ತಿಳಿಯದ ಕತ್ತಲು.

"ಏನೂ ಕಾಣಲ್ಲ ಮಾವ!" ಎಂದು ಕುಣಿಯುತ್ತ ಹೊರಗೆ ಬಂದೆ.

ಮರುದಿನ ಗುರುವಾರ. ಭಾನುವಾರ ಅಪ್ಪ ಬರುವವರಿದ್ದರು. ಮಾವ ಹಾಯಿಕಂಬಕ್ಕೆ ಬಿದಿರು ತರಲು ಹೋಗಿದ್ದ, ಅಜ್ಜಿ ಹಿತ್ತಿಲಲ್ಲಿ ಹಸುವಿನ ಹತ್ತಿರ ಇದ್ದಳು. ಆಗ ರಂಗಣ್ಣ ಬಂದ. ಬೋರನಕಣಿವೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದವನು, ನಮ್ಮಲ್ಲಿಗೆ ನಾರಿನ ಹಗ್ಗಕ್ಕೆ ಬರುತ್ತಿದ್ದ. ಹಗ್ಗ ಕೇಳುವುದನ್ನೇ ಮರೆತು ದೋಣಿಯ ಸುತ್ತ ಎರಡು ಸುತ್ತು ಬಂದ. ಹಲಗೆಗೆ ಕೈಯ ಹಿಂಬದಿ ಒತ್ತಿದ. ಸಂದಿನ ನಾರಿಗೆ ಉಗುರು ಹಾಕಿದ, ಇಳಿಯಲಿಲ್ಲ.

"ಯಾರವ್ವ ಇದ್ನ ಇಷ್ಟು ಬಿಗಿಯಾಗಿ ತುಂಬ್ದೋರು?"

"ನಾನೂ ಮಾವನೂ" ಎಂದೆ, ಹೊಗಳುತ್ತಾನೆ ಎಂದು ಕಾಯುತ್ತ.

ಅವನು ಹೊಗಳಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ನೋಡು ಮಗ, ಈ ಮರ ಬಾಯಾರಿ ಕುಂತೈತೆ. ನೀರಿಗೆ ಬಿಟ್ಟೇಟ್ಗೆ ಗಟಗಟ ಕುಡೀತೈತೆ, ಕುಡಿದು ಊದ್ಕಂತೈತೆ. ಸಂದು ತಾನಾಗೇ ಮುಚ್ಕಬೇಕು, ಅದ್ಕೆ ಜಾಗ ಬುಟ್ಟಿರ್ಬೇಕು. ನೀವು ಜಾಗಾನೇ ಬುಟ್ಟಿಲ್ಲ. ಹಲಗೆ ಹಲಗೇನ ನೂಕಾಡ್ಕಂಡು ಮೊಳೆ ಕಿತ್ತು ಎದ್ಬಿಡ್ತವೆ. ನಿಮ್ಮ ಮಾವಂಗೆ ಹೇಳು, ಅರ್ಧ ನಾರು ಕಿತ್ತಾಕಿ, ಕಟ್ಟೇಲಿ ಎಂಟತ್ತು ದಿನ ಮುಳುಗ್ಸಿಡ್ಲಿ. ಆಮ್ಯಾಕೆ ಎಲ್ಲಿ ಸೋರ್ತೈತೋ ಅಲ್ಲಿ ಮಾತ್ರ ಮುಚ್ಲಿ. ಮರೀಬ್ಯಾಡ ಕಣವ್ವ. ನಾನು ನಾಳೆ ನೆಂಟರ ಮನೆಗೆ ಹೋಗಿ ಶನಿವಾರ ಬತ್ತೀನಿ."

ಹಗ್ಗ ತೆಗೆದುಕೊಂಡು ಹೋದ.

ಹತ್ತು ದಿನ. ಅಷ್ಟರಲ್ಲಿ ನಾನು ನಮ್ಮೂರು ತಿಪಟೂರಿನಲ್ಲಿ, ಹೊಸ ಪುಸ್ತಕಕ್ಕೆ ರಟ್ಟು ಹಾಕಿಕೊಂಡು ಕ್ಲಾಸಿನಲ್ಲಿ ಕೂತಿರುತ್ತಿದ್ದೆ. ಮೊದಲ ಸವಾರಿ ಬೇರೆ ಯಾರದ್ದೋ ಆಗುತ್ತಿತ್ತು. ಹಗ್ಗದವನಿಗೆ ದೋಣಿ ಏನು ಗೊತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅವನಿಗೆ ಗೊತ್ತು ಎಂದು ನನಗೆ ಗೊತ್ತಿತ್ತು.

ಸಂಜೆ ಮಾವ ಬಿದಿರು ಇಳಿಸುತ್ತ ಕೇಳಿದ, "ರಂಗಣ್ಣ ಬಂದಿದ್ನಂತೆ ಕಣೇ? ದೋಣಿ ನೋಡಿ ಏನಂದ?"

"ಹಗ್ಗ ಕೇಳ್ದ. ಕೊಟ್ಟೆ."

"ದೋಣಿಗೆ ಏನೂ ಅನ್ಲಿಲ್ವಾ?"

"ಚೆನ್ನಾಗೈತೆ ಅಂದ."

ಮಾವನ ಮುಖ ಅರಳಿದ್ದನ್ನು ನಾನು ನೋಡಿದೆ. ನೀರಿನ ಮೇಲೆ ಬದುಕುವವನು ಮೆಚ್ಚಿದನಲ್ಲ ಎಂಬ ಸಂತೋಷ. ಅವನು ಅಂದು ಮುದ್ದೆ ಎರಡು ಹೆಚ್ಚಿಗೆ ಉಂಡ.

ಶುಕ್ರವಾರ ಗಾಡಿಯಲ್ಲಿ ದೋಣಿ ಬೋರನಕಣಿವೆಗೆ ಹೋಯಿತು. ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿದ್ದರಿಂದ ಬೇಸಿಗೆಯಲ್ಲೂ ನೀರು ದೂರದವರೆಗೆ ಹರಡಿತ್ತು. ಮಧ್ಯಾಹ್ನ ನೀರಿಗೆ ಇಳಿಸಿ ದಡಕ್ಕೆ ಕಟ್ಟಿದೆವು. ಮಾವ ಅದರೊಳಗೆ ಬರಿಗಾಲಲ್ಲಿ ಓಡಾಡಿ, ಅಂಗಾಲು ತೋರಿಸಿದ. ಒಣ ಅಂಗಾಲು. ಒಂದು ಹನಿಯಿಲ್ಲ. ನೋಡಲು ನಿಂತಿದ್ದ ನಾಲ್ಕಾರು ಜನ ಚಪ್ಪಾಳೆ ಹೊಡೆದರು.

ಶನಿವಾರ ಬೆಳಗ್ಗೆ ಹೋದಾಗ ದೋಣಿ ದಡದಲ್ಲಿ ಸದ್ದು ಮಾಡುತ್ತಿತ್ತು. ಕಿರ್ ಎಂದು ಒಮ್ಮೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಮಾವ ಹಲಗೆಗೆ ಕಿವಿ ಇಟ್ಟು ನಕ್ಕ. "ಮಾತಾಡ್ತಾ ಐತೆ ಕಣೇ." ರಂಗಣ್ಣನ ಮಾತು ನೆನಪಾಯಿತು. ಈಗ ಹೇಳಬಹುದು ಎಂದುಕೊಂಡೆ. ಆಗಲೇ ಅವನು ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿ ಒಳಗೆ ಕೂರಿಸಿದ್ದ. "ಮೊದಲ ಸವಾರಿ. ಮಾತು ಅಂದ್ರೆ ಮಾತು."

ರಾಗಿ ಒಣಗಿಸುವ ಬಿಳಿ ಬಟ್ಟೆಯನ್ನು ಹೊಲಿದು ಮಾಡಿದ ಹಾಯಿ. ಮಾವ ಅದರ ಹಗ್ಗ ಎಳೆದ. ಗಾಳಿ ತುಂಬಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಸದ್ದಿಲ್ಲದೆ, ಯಾರೂ ನೂಕದೆ ಮುಂದೆ ಹೋಯಿತು. ಅದನ್ನು ಹೇಗೆ ಹೇಳಲಿ? ನಾನು ಬಹಳ ಕಡೆ ಹೋಗಿ ಬಂದಿದ್ದೇನೆ, ವಿಮಾನದಲ್ಲೂ ಕೂತಿದ್ದೇನೆ. ಹಾಗೆ ಮತ್ತೆ ಎಂದೂ ಆಗಲಿಲ್ಲ. ಮಾವನ ಮುಖ ನೋಡಿದೆ, ಅವನು ಅಳುತ್ತಿದ್ದ.

ನೀರಿನ ನಡುವೆ ಹೋದಾಗ ಕಿವಿಗೆ ಬಿತ್ತು ಸದ್ದು. ಒಣಗಿದ ಮಟ್ಟೆ ಸೀಳಿದಂತೆ ಒಂದೇ ಸಲ. ನನ್ನ ಕಾಲ ಬಳಿಯ ಹಲಗೆ ಮೊಳೆ ಸಮೇತ ಹೊರಕ್ಕೆ ಎದ್ದುಬಿಟ್ಟಿತ್ತು. ನೀರು ಸೋರಲಿಲ್ಲ, ನುಗ್ಗಿತು. ಮಾವ ಹಗ್ಗ ಬಿಟ್ಟು, ಆ ಹಲಗೆಯನ್ನು ಬಲಗೈಯಲ್ಲಿ ಹಿಡಿದು ಒಳಕ್ಕೆ ಎಳೆಯಲು ನೋಡಿದ. ದೋಣಿ ಮಗುಚುವಾಗ ಕೈ ಅದರ ಸಂದಿನಲ್ಲೇ ಸಿಕ್ಕಿಕೊಂಡಿತ್ತು. ಎಡಗೈಯಲ್ಲಿ ನನ್ನ ಜಡೆ ಹಿಡಿದಿದ್ದ. ಮರ ಪೂರ್ತಿ ಮುಳುಗಲಿಲ್ಲ, ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದಕ್ಕೆ ಆತುಕೊಂಡು ನಾವಿಬ್ಬರೂ ತೇಲುತ್ತಿದ್ದೆವು. ನನ್ನ ಮೂಗಿನ ಮುಂದೆ ನಾನೇ ತುಂಬಿದ ನಾರು, ಹಲಗೆಗಳ ನಡುವಿನಿಂದ ನಾಲಗೆಯಂತೆ ಹೊರಗೆ ಚಾಚಿತ್ತು. ಕನಸಿನಲ್ಲಿ ನಾನು ಇವತ್ತಿಗೂ ನೋಡುವುದು ನೀರನ್ನಲ್ಲ, ಆ ನಾರನ್ನು.

ನೆಂಟರ ಮನೆಯಿಂದ ಆಗತಾನೇ ಬಂದಿದ್ದ ರಂಗಣ್ಣ ದಡದಿಂದ ನೋಡಿ ಹರಿಗೋಲು ಹಾಕಿಕೊಂಡು ಬಂದ. ದಡದಲ್ಲಿ ಮಾವನ ಕೈಗೆ ಜನ ಬಟ್ಟೆ ಸುತ್ತುತ್ತಿದ್ದಾಗ, ಅವನು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದ:

"ಹೇಳಿರ್ಲಿಲ್ವಾ ಮಗ?"

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವನು ಹೆಗಲ ಮೇಲಿನ ಟವಲನ್ನು ನನಗೆ ಹೊದಿಸಿದ. "ಬುಡು. ನಾನೂ ಹೇಳಕ್ಕಿಲ್ಲ. ನಿನ್ನ ಸಾಯ್ಸಿಬಿಡ್ತಾರೆ."

ರಂಗಣ್ಣ ಹೇಳಲಿಲ್ಲ, ತಾನು ಸಾಯುವ ತನಕ ಹೇಳಲಿಲ್ಲ. ನನ್ನ ಮೇಲಿನ ಕರುಣೆಯಿಂದ ಅವನು ಮುಚ್ಚಿದ ಆ ಬಾಯಿ ನನಗೆ ಎಂಥ ಭಾರ ಆಯಿತೆಂದು ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಬಂದ ಅಪ್ಪ, ಮಾವನ ಜೊತೆ ಮಾತನ್ನೇ ಆಡದೆ ನನ್ನ ಕೈ ಹಿಡಿದು ಹೊರಟರು. ಮಗು ಕೊಲ್ಲಲು ಹೋಗಿದ್ದವನು ಎಂದು ಊರು ಆಡಿಕೊಂಡಿತು. ದಡಕ್ಕೆ ಬಂದ ದೋಣಿಯನ್ನು ಅಜ್ಜಿ ಆಳುಗಳ ಕೈಲಿ ಸೌದೆ ಮಾಡಿಸಿದಳು. ಮಾವನ ಬಲಗೈ ವಾಸಿಯಾಯಿತು, ಆದರೆ ಹೆಬ್ಬೆರಳು ಮಡಚಲಿಲ್ಲ. ಕೊಡತಿ ಹಿಡಿಯಲು ಆಗುತ್ತಿರಲಿಲ್ಲ. ಮಂಡಿಯಲ್ಲಿ ಕೂತ. ಅದೂ ಹೋಗಲಿ ಎನ್ನಬಹುದು, ಜನ ಮಂಡಿಯಲ್ಲಿ ಕೂತು ಚೆನ್ನಾಗಿಯೇ ಬದುಕಿದ್ದಾರೆ. ಮಾವ ಕಳೆದುಕೊಂಡದ್ದು ಬೇರೆ. ಅವನಿಗೆ ತನ್ನ ಕೆಲಸದ ಮೇಲೆ ನಂಬಿಕೆಯೇ ಹೋಯಿತು. ಒಂದು ಬೀಗ ಹಾಕಿದರೂ ಇನ್ನೊಬ್ಬರನ್ನು ಕರೆದು ನೋಡಿಸುತ್ತಿದ್ದ. ಮೂಟೆ ಹೊಲಿಸಿದರೆ ಮೂರು ಸಲ ಬಿಚ್ಚಿಸುತ್ತಿದ್ದ.

ನಾನು ಹೋದಾಗಲೆಲ್ಲ ಕೇಳುತ್ತಿದ್ದ. ಮದುವೆ ಮನೆಯಲ್ಲಿ, ಎಲೆ ಮುಂದೆ ಕೂತಾಗ, ನನ್ನ ಮಿಲ್ಲಿನ ಪೂಜೆಯ ದಿನ, ಯಾರೂ ಹತ್ತಿರ ಇಲ್ಲದ್ದು ನೋಡಿ ದನಿ ತಗ್ಗಿಸಿ: "ಗಿರ್ಜಿ, ಯಾವ್ದೇ ಬುಟ್ಬುಟ್ಟಿದ್ದು ನಾವು? ಬೆನ್ನುಮರದ ಹತ್ರದ್ದಾ? ಎಡಗಡೇದಾ? ಎಲ್ಲೋ ಒಂದು ಬುಟ್ಟಿದ್ದೀವಿ ಕಣೇ." ನಲವತ್ತು ವರ್ಷ ಅವನು ಇಲ್ಲದ ತೂತನ್ನು ಹುಡುಕಿದ. ನಾನು ಪ್ರತಿ ಸಲ, "ಬಿಡು ಮಾವ, ಹಳೇ ಮರ" ಎಂದೆ. ಇವತ್ತು ಬೇಡ, ಊಟದ ಹೊತ್ತು ಬೇಡ, ಅವನ ಹೆಂಡತಿಯ ಎದುರಿಗೆ ಬೇಡ ಎಂದು ಮುಂದಕ್ಕೆ ಹಾಕಿದೆ. ಕಷ್ಟದ ಮಾತನ್ನು ಬೇಗ ಆಡಿ ಮುಗಿಸಿ ಎಂದು ಎಲ್ಲರಿಗೂ ಹೇಳುವವಳು ನಾನು.

ಕೊನೆಗೆ ಹೇಳಿದೆ. ಅವನು ತೀರಿಕೊಳ್ಳುವ ಹಿಂದಿನ ತಿಂಗಳು. ಅಷ್ಟು ಹೊತ್ತಿಗೆ ಅವನಿಗೆ ಮರೆವು ಹತ್ತಿ, ಮನೆಯವರ ಗುರುತೂ ಸರಿಯಾಗಿ ಸಿಗುತ್ತಿರಲಿಲ್ಲ. ಬೆಳಗ್ಗೆ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ. ಪಕ್ಕದಲ್ಲಿ ಕೂತು, ರಂಗಣ್ಣ ಬಂದದ್ದು, ಹೇಳಿದ್ದು, ನಾನು ಮುಚ್ಚಿಟ್ಟದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. "ತೂತು ಒಂದೂ ಬಿಟ್ಟಿರಲಿಲ್ಲ ಮಾವ. ನೀನು ಹೊಡೆದದ್ದು ಸರಿಯಾಗೇ ಇತ್ತು. ಗಿರ್ಜಿ ನಿನಗೆ ಸುಳ್ಳು ಹೇಳಿದ್ಲು."

ಮಾವ ನನ್ನ ಕಡೆ ತಿರುಗಿದ. ಯಾರೋ ಹೊರಗಿನವರನ್ನು ನೋಡುವ ನೋಟ. ಹುಬ್ಬು ಗಂಟಿಕ್ಕಿದ.

"ಯಾರ್ರೀ ನೀವು? ನಮ್ ಹುಡ್ಗಿ ಬಗ್ಗೆ ಹಂಗೆಲ್ಲ ಮಾತಾಡ್ಬ್ಯಾಡಿ. ಅವಳು ಸುಳ್ಳು ಹೇಳೋಳಲ್ಲ."

ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದ.

ಬೋರನಕಣಿವೆಗೆ ಈಗ ಕಾರಿನಲ್ಲಿ ಜನ ಬರುತ್ತಾರೆ, ಕೋಡಿ ಬಿದ್ದ ವರ್ಷ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನೀರಿನ ಮೇಲೆ ಹಾಯಿ ಕಟ್ಟಿಕೊಂಡು ಹೋದವರು ಅವನ ನಂತರ ಯಾರೂ ಇಲ್ಲ. ಅಂಗಳದಲ್ಲಿ ಈಗ ಸಿಮೆಂಟು, ಅಟ್ಟ ಇಳಿಸಿ ಆರ್‌ಸಿಸಿ ಹಾಕಿದ್ದಾರೆ, ಕಾಯಿ ಹಸಿಯಿರುವಾಗಲೇ ಲಾರಿ ಹತ್ತುತ್ತದೆ. ಅದಕ್ಕೆಲ್ಲ ನಾನು ಕೊರಗುವುದಿಲ್ಲ, ವ್ಯಾಪಾರ ಬದಲಾಗುತ್ತದೆ. ಸಂಶಯದ ಸರಕನ್ನು ಎಷ್ಟೋ ಜನಕ್ಕೆ ನಂಬಿಸಿ ಮಾರಿದ್ದೇನೆ. ಒಂದೇ ಒಂದು ಸಲ ಅಪ್ಪಟ ನಿಜ ಹಿಡಿದುಕೊಂಡು ಹೋದೆ. ಕೊಳ್ಳಬೇಕಾದವನು, ನನ್ನ ಮೇಲಿನ ನಂಬಿಕೆಯಿಂದಲೇ, ಅದನ್ನು ಹಿಂದಕ್ಕೆ ಕಳಿಸಿದ.